ಆರೋಗ್ಯ ಪ್ರಶ್ನೋತ್ತರ: ಕಚೇರಿಯ ಖುರ್ಚಿ ಮತ್ತು ಕುಳಿತು ದುಡಿಯುವವರ ದೇಹ

ಪ್ರಶ್ನೆ: ನಾನು ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು 38. ದಿನವೂ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಬೆಳಿಗ್ಗೆ ಒಂಬತ್ತೂವರೆಗೆ ಕುಳಿತರೆ ಊಟದ ಹೊತ್ತು ಬಿಟ್ಟು ಸಂಜೆ ಆರೂವರೆಯವರೆಗೆ ಏಳುವುದು ಅಪರೂಪ. ಸೊಂಟ ಮತ್ತು ಬಲಭುಜದ ನೋವಿಗೆಂದು ಸ್ವಂತ ಖರ್ಚಿನಲ್ಲಿ ದುಬಾರಿ ಖುರ್ಚಿಯೊಂದನ್ನು ತರಿಸಿಕೊಂಡೆ, ಆದರೂ ನೋವು ಹೋಗಲಿಲ್ಲ. ಬೆಳಿಗ್ಗೆ ಸಾಧನಕೇರಿಯ ಕೆರೆಯ ಬಳಿ 40 ನಿಮಿಷ ತಪ್ಪದೆ ನಡೆಯುತ್ತೇನೆ. ನಾನು ಕುಳಿತುಕೊಳ್ಳುವ ರೀತಿಯ ಚಿತ್ರವನ್ನೂ ಕಳಿಸಿದ್ದೇನೆ. ತಪ್ಪು ಎಲ್ಲಿದೆ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಚಿತ್ರವನ್ನು ಸಾವಕಾಶವಾಗಿ ನೋಡಿದೆ. ಖುರ್ಚಿ ಒಳ್ಳೆಯದೇ ಇದೆ. ಆದರೆ ಟೇಬಲ್ಲು ಎತ್ತರವಾಗಿರುವುದರಿಂದ ಖುರ್ಚಿಯನ್ನು ಮೇಲಕ್ಕೆ ಏರಿಸಿಕೊಂಡಿದ್ದೀರಿ, ಹೀಗಾಗಿ ಪಾದಗಳು ನೆಲ ಮುಟ್ಟದೆ ಖುರ್ಚಿಯ ಗಾಲಿಗಳ ಮೇಲೆ ಆತುಕೊಂಡಿವೆ. ಹೀಗೆ ಕುಳಿತಾಗ ಖುರ್ಚಿಯ ಅಂಚು ತೊಡೆಯ ಅಡಿಭಾಗವನ್ನು ಒತ್ತುತ್ತದೆ, ಆ ಒತ್ತಡ ತಪ್ಪಿಸಿಕೊಳ್ಳಲು ದೇಹ ತಾನಾಗಿಯೇ ಮುಂದಕ್ಕೆ ಜಾರುತ್ತದೆ, ಮುಂದಕ್ಕೆ ಜಾರಿದ ಮೇಲೆ ನೀವು ಹಣ ಕೊಟ್ಟು ತಂದ ಬೆನ್ನಾಸರೆ ನಿಮ್ಮ ಬೆನ್ನನ್ನು ಮುಟ್ಟುವುದೇ ಇಲ್ಲ. ಪಾದಗಳು ಸಮನಾಗಿ ಊರುವಂತೆ ಕೆಳಗೆ ಒಂದು ಗಟ್ಟಿ ಮಣೆ ಇಟ್ಟುಕೊಂಡು, ಪೃಷ್ಠವನ್ನು ಖುರ್ಚಿಯ ಹಿಂತುದಿಯವರೆಗೂ ಸರಿಸಿ ಕುಳಿತರೆ ಸೊಂಟಕ್ಕೆ ಮೊದಲ ಬಾರಿಗೆ ಆ ಆಸರೆ ಸಿಗುತ್ತದೆ. ಕೋಲಿನಂತೆ ನೆಟ್ಟಗೆ ಕುಳಿತಿರಬೇಕೆಂಬ ಹಟ ಬೇಡ, ಬೆನ್ನು ತುಸು ಹಿಂದಕ್ಕೆ ಒರಗಿರುವುದೇ ಸುಖ.

ಭುಜದ ನೋವಿನ ಕಾರಣವೂ ಅದೇ ಚಿತ್ರದಲ್ಲಿದೆ. ಕೀಲಿಮಣೆಯ ಪಕ್ಕದಲ್ಲಿ ವೋಚರುಗಳ ಫೈಲು, ಅದರಾಚೆ ಮೌಸ್. ದಿನವಿಡೀ ನಿಮ್ಮ ಬಲಗೈ ಆ ಫೈಲನ್ನು ದಾಟಿ ಚಾಚಿಕೊಂಡೇ ಇರುತ್ತದೆ. ಫೈಲನ್ನು ಎಡಕ್ಕೆ ಸರಿಸಿ, ಮೊಣಕೈ ಪಕ್ಕೆಯ ಹತ್ತಿರ ಇರುವಷ್ಟು ಸಮೀಪಕ್ಕೆ ಮೌಸನ್ನು ತಂದುಕೊಳ್ಳಿ. ಲ್ಯಾಪ್‌ಟಾಪನ್ನು ನಾಲ್ಕು ಹಳೆಯ ರಜಿಸ್ಟರುಗಳ ಮೇಲಿಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಬರುವಂತೆ, ಒಂದು ತೋಳಿನಳತೆಯ ದೂರದಲ್ಲಿ ಹೊಂದಿಸಿ. ಆಗ ಕೀಲಿಮಣೆ ಬೇರೆ ಬೇಕಾಗುತ್ತದೆ. ಖುರ್ಚಿಗೆ ಕೊಟ್ಟ ಹಣದ ಸಣ್ಣ ಪಾಲಿನಲ್ಲಿ ಅದು ಬರುತ್ತದೆ.

ಇಷ್ಟು ಮಾಡಿಯೂ ಆರು ತಾಸು ಅಲುಗಾಡದೆ ಕುಳಿತರೆ ಪ್ರಯೋಜನ ಅಷ್ಟಕ್ಕಷ್ಟೆ. ನನ್ನ ಅಭಿಪ್ರಾಯದಲ್ಲಿ ಹೇಗೆ ಕುಳಿತಿದ್ದೀರಿ ಎಂಬುದಕ್ಕಿಂತ ಎಷ್ಟು ಹೊತ್ತು ಏಳದೆ ಕುಳಿತಿದ್ದೀರಿ ಎಂಬುದೇ ದೊಡ್ಡ ಪ್ರಶ್ನೆ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕುಗಳಿಗೆ ಬೆಳೆದ ವಯಸ್ಸಿನಲ್ಲಿ ನೇರವಾದ ರಕ್ತನಾಳಗಳಿರುವುದಿಲ್ಲ. ಅಕ್ಕಪಕ್ಕದ ಅಂಗಾಂಶಗಳಿಂದ ಪೋಷಕಾಂಶ ಒಸರಿ ಬರಬೇಕು, ಭಾರ ಬೀಳುವುದು ಮತ್ತು ಇಳಿಯುವುದು ಅದಕ್ಕೆ ನೆರವಾಗುತ್ತದೆ. ಕಾಲಿನ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿದಾಗಲೇ ಕಾಲಿನ ರಕ್ತ ಮೇಲಕ್ಕೆ ಸರಾಗವಾಗಿ ಏರುತ್ತದೆ. ನಿಮ್ಮಂಥವರಿಗೆ ಸಂಜೆಯ ಹೊತ್ತಿಗೆ ಚಪ್ಪಲಿ ಬಿಗಿಯಾದಂತೆ ಅನಿಸಲು ಇದೂ ಒಂದು ಕಾರಣ.

ಬೆಳಗಿನ ನಡಿಗೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಸೂಚಿಸಿದೆ. ನಿಮ್ಮ ನಡಿಗೆ ಬಿರುಸಾಗಿದ್ದರೆ ಆ ಲೆಕ್ಕ ತುಂಬುತ್ತದೆ. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕೆಂದೂ, ಕುಳಿತಿರುವ ಹೊತ್ತನ್ನೇ ಕಡಿಮೆ ಮಾಡಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಬಹಳ ಮಂದಿ ಈ ಎರಡು ಮಾತುಗಳನ್ನು ಮರೆಯುತ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದಿನಕ್ಕೆ ಎಂಟು ತಾಸಿಗೂ ಹೆಚ್ಚು ಕುಳಿತಿರುವವರಲ್ಲಿ ಕಂಡುಬರುವ ಹೆಚ್ಚಿನ ಸಾವಿನ ಅಪಾಯ ಇಲ್ಲವಾಗಲು ದಿನಕ್ಕೆ 60ರಿಂದ 75 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕಾಗುತ್ತದೆ. ನಿಮ್ಮ 40 ನಿಮಿಷಕ್ಕೂ ಅದಕ್ಕೂ ನಡುವೆ ಇರುವ ಅಂತರವನ್ನು ಕಚೇರಿಯೊಳಗೇ ತುಂಬಿಕೊಳ್ಳಬಹುದು. ಆಸ್ಟ್ರೇಲಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ಕೇವಲ ಎರಡು ನಿಮಿಷ ನಿಧಾನವಾಗಿ ನಡೆದವರಲ್ಲಿ, ಆಹಾರದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ಪ್ರಮಾಣ ಏಳದೆ ಕುಳಿತಿದ್ದಾಗಿನದಕ್ಕಿಂತ ಕಡಿಮೆ ಇತ್ತು. ಸಕ್ಕರೆ ಕಾಯಿಲೆ ಮನೆಮನೆಯ ಮಾತಾಗಿರುವ ನಮಗೆ ಇದು ಸಣ್ಣ ಸಂಗತಿಯಲ್ಲ. ಊಟದ ಡಬ್ಬಿ ಮುಚ್ಚಿದ ಕೂಡಲೇ ಖುರ್ಚಿಗೆ ಮರಳುವ ಬದಲು ಹತ್ತು ನಿಮಿಷ ಓಡಾಡಿ.

ಜಿಎಸ್‌ಟಿ ಸಲ್ಲಿಕೆಗೆ ತಿಂಗಳ 11 ಮತ್ತು 20ನೇ ತಾರೀಖು ಹತ್ತಿರವಾದಾಗ ಏಳುವುದೇ ಮರೆತುಹೋಗುತ್ತದೆಂದು ನಿಮ್ಮ ವೃತ್ತಿಯ ಅನೇಕರು ನನಗೆ ಹೇಳಿದ್ದಾರೆ. ಆ ದಿನಗಳಲ್ಲಿ ನೆನಪಿನ ಮೇಲೆ ಭಾರ ಹಾಕದೆ ಮೊಬೈಲಿನಲ್ಲಿ ಅರ್ಧ ತಾಸಿಗೊಂದು ಅಲಾರಂ ಇಟ್ಟುಕೊಳ್ಳಿ, ಬರುವ ಪ್ರತಿ ಕರೆಯನ್ನೂ ನಿಂತು ಮಾತಾಡಿ. ಎದ್ದಾಗ ಕಣ್ಣಿಗೂ ವಿಶ್ರಾಂತಿ ಕೊಡಿ: ಕಿಟಕಿಯಾಚೆ ಇಪ್ಪತ್ತು ಅಡಿಗಿಂತ ದೂರದ ಯಾವುದನ್ನಾದರೂ ಇಪ್ಪತ್ತು ಸೆಕೆಂಡು ನೋಡಿದರೆ ಸಾಕು. ಚಿಗರಿಯಲ್ಲಿ ಕುಳಿತ ಹೊತ್ತನ್ನೂ ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ನೋವು ಸೊಂಟದಿಂದ ಕಾಲಿಗೆ ಇಳಿದು ಪಾದ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅಥವಾ ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದರಂತೂ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಪ್ರಶ್ನೆ: ನಾನು ಗದಗಿನ ಸರ್ಕಾರಿ ಕಚೇರಿಯೊಂದರ ಶಾಖೆಯ ಮೇಲ್ವಿಚಾರಕ. ನಮ್ಮ ಸಿಬ್ಬಂದಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಕುತ್ತಿಗೆ ಅಥವಾ ಸೊಂಟದ ನೋವಿದೆ. ನಡುನಡುವೆ ಎದ್ದು ಓಡಾಡಿ ಎಂದರೆ, ಹೊರಗೆ ಕಾದು ಕುಳಿತ ಜನ ಕೆಲಸಗಳ್ಳರೆಂದು ತಿಳಿಯುತ್ತಾರೆಂಬ ಅಂಜಿಕೆ ಅವರಿಗೆ. ಏನು ಮಾಡಲಿ?
— ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು, ಏಕೆಂದರೆ ಈ ಪ್ರಶ್ನೆಯನ್ನು ಕೇಳಬೇಕಾದವರು ಮೇಲ್ವಿಚಾರಕರೇ. ನೋವು ನೌಕರನದು, ಆದ್ದರಿಂದ ಪರಿಹಾರವೂ ಅವನದೇ ಎಂದು ಕೈಬಿಡುವ ಕಚೇರಿಗಳೇ ಹೆಚ್ಚು.

ಮೊದಲು ಕಡತವೆಂದರೆ ಕಾಗದವಾಗಿತ್ತು, ಅದನ್ನು ಹೊತ್ತುಕೊಂಡು ಸಾಹೇಬರ ಕೋಣೆಗೆ, ದಾಖಲೆ ಕೋಣೆಗೆ, ಟಪಾಲು ವಿಭಾಗಕ್ಕೆ ಯಾರಾದರೂ ನಡೆಯಲೇಬೇಕಿತ್ತು. ಈಗ ಕಡತ ಪರದೆಯ ಮೇಲೇ ಓಡಾಡುತ್ತದೆ, ನೌಕರ ಕುಳಿತಲ್ಲೇ ಇರುತ್ತಾನೆ. ಆ ವೇಗ ಜನರಿಗೆ ಒಳ್ಳೆಯದೇ, ಆದರೆ ಕೆಲಸದೊಳಗೇ ಅಡಗಿದ್ದ ನಡಿಗೆ ಅದರೊಂದಿಗೆ ಹೋಯಿತು. ಕೆಲಸದೊಳಗಿನ ನಡಿಗೆಯ ಬೆಲೆ ವೈದ್ಯರಿಗೆ ಹೊಸದಲ್ಲ. ಲಂಡನ್ ನಗರದ ಸಾರಿಗೆ ನೌಕರರನ್ನು ಅಧ್ಯಯನ ಮಾಡಿದ ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದಿನವಿಡೀ ಕುಳಿತೇ ಇರುತ್ತಿದ್ದ ಚಾಲಕರಿಗಿಂತ ಎರಡು ಅಂತಸ್ತಿನ ಬಸ್ಸುಗಳ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ಕಂಡುಬಂತು. ನಡೆದು ಟಪಾಲು ಹಂಚುವವರನ್ನೂ ಅಂಚೆ ಇಲಾಖೆಯಲ್ಲಿ ಕುಳಿತು ಕೆಲಸ ಮಾಡುವವರನ್ನೂ ಹೋಲಿಸಿದಾಗಲೂ ಇಂಥದೇ ವ್ಯತ್ಯಾಸ ಕಾಣಿಸಿತು.

ಆದ್ದರಿಂದ ‘ಓಡಾಡಿ’ ಎಂದು ಹೇಳುವ ಬದಲು, ಓಡಾಡದೆ ಕೆಲಸ ಸಾಗದಂತೆ ಕಚೇರಿಯನ್ನು ಜೋಡಿಸಿ. ಪ್ರಿಂಟರನ್ನು ಎಲ್ಲರ ಕೈಗೆಟುಕುವಲ್ಲಿಂದ ತೆಗೆದು ಕೋಣೆಯ ಮೂಲೆಗೆ ಇರಿಸಿ. ಕುಡಿಯುವ ನೀರನ್ನು ಜವಾನರು ಟೇಬಲ್ಲಿಗೆ ತಂದುಕೊಡುವ ಪದ್ಧತಿ ನಿಲ್ಲಲಿ. ಪಕ್ಕದ ಶಾಖೆಯವರಿಗೆ ಎರಡು ಮಾತು ಹೇಳುವುದಿದ್ದರೆ ಫೋನು ಎತ್ತದೆ ಎದ್ದು ಹೋಗಿ ಹೇಳಲಿ. ಅರ್ಜಿ ಸ್ವೀಕರಿಸುವ ಕೌಂಟರಿನಲ್ಲಿ ಒಬ್ಬರೇ ದಿನವಿಡೀ ಕೂಡದೆ ಎರಡು ತಾಸಿಗೊಮ್ಮೆ ಸರದಿ ಬದಲಾಗಲಿ. ಆಗ ಎದ್ದವರು ಕೆಲಸಕ್ಕಾಗಿಯೇ ಎದ್ದಿರುತ್ತಾರೆ, ಹೊರಗಿನವರು ಆಡಿಕೊಳ್ಳಲು ಕಾರಣವೂ ಇರುವುದಿಲ್ಲ. ವಯಸ್ಸಾದ ರೈತರೊಬ್ಬರು ಬಂದಾಗ ಸಿಬ್ಬಂದಿ ಎದ್ದು ಹೋಗಿ ಅವರು ಕುಳಿತಲ್ಲೇ ಅರ್ಜಿ ಪಡೆದರೆ ಅವರಿಗೆ ಗೌರವ ಸಂದಂತಾಗುತ್ತದೆ, ನಿಮ್ಮವರ ಬೆನ್ನಿಗೂ ಒಳ್ಳೆಯದು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನಿಮ್ಮ ಕಚೇರಿಯಲ್ಲಿ ಮಹಿಳಾ ಸಿಬ್ಬಂದಿ ಎಷ್ಟು ನೀರು ಕುಡಿಯುತ್ತಾರೆಂದು ವಿಚಾರಿಸಿ. ಶೌಚಾಲಯ ಸ್ವಚ್ಛವಿಲ್ಲದ ಕಡೆ ಹೆಣ್ಣುಮಕ್ಕಳು ಗದಗಿನ ಏಪ್ರಿಲ್ ಬಿಸಿಲಿನಲ್ಲೂ ನೀರು ಕುಡಿಯದೆ, ಏಳದೆ, ಸಂಜೆಯವರೆಗೆ ತಡೆದುಕೊಂಡು ಕುಳಿತಿರುತ್ತಾರೆ. ಅಂಥಲ್ಲಿ ವ್ಯಾಯಾಮದ ಪಟ ತೂಗುಹಾಕುವುದು ವ್ಯರ್ಥ. ಚಿಲಕ, ನೀರು, ಬೆಳಕು ಇರುವ ಶೌಚಾಲಯವೇ ಮೊದಲ ಕೆಲಸವಾಗಬೇಕು.

ಎಲ್ಲರೂ ಒಟ್ಟಿಗೆ ಮಾಡುವ ಕಾರ್ಯಕ್ರಮ ಬೇಕೆಂದರೆ, ಕೇಂದ್ರದ ಆಯುಷ್ ಸಚಿವಾಲಯ ಕಚೇರಿಗಳಿಗೆಂದೇ ರೂಪಿಸಿರುವ ‘ವೈ-ಬ್ರೇಕ್’ ಎಂಬ ಐದು ನಿಮಿಷಗಳ ಯೋಗಕ್ರಮವಿದೆ. 2021ರಲ್ಲಿ ಅದರ ಮೊಬೈಲ್ ಆ್ಯಪ್ ಕೂಡ ಬಂದಿದೆ. ಅದನ್ನು ಮಧ್ಯಾಹ್ನದ ಚಹಾಕ್ಕೆ ಮುನ್ನ ಮಾಡಿಸಿ, ಮತ್ತು ಮೊದಲು ನೀವೇ ಎದ್ದು ನಿಲ್ಲಿ. ಮೇಲಿನವರು ಕುಳಿತೇ ಇದ್ದರೆ ಕೈಕೆಳಗಿನವರು ಏಳಲು ಹಿಂಜರಿಯುತ್ತಾರೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಾನು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ನಮ್ಮಲ್ಲಿ ಈಗಲೂ ಗಾದಿಯ ಮೇಲೆ ಕುಳಿತೇ ಲೆಕ್ಕ ಬರೆಯುವುದು. ಈಗ ಕಂಪ್ಯೂಟರೂ ಬಂದಿದೆ. ಮಗ ‘ಟೇಬಲ್-ಖುರ್ಚಿ ಹಾಕಿಸಿಕೊ’ ಎನ್ನುತ್ತಾನೆ. ಗಾದಿ ಬಿಡಬೇಕೇ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊಣಕಾಲು ನೋವಿಲ್ಲದಿದ್ದರೆ ಬಿಡಬೇಕಾದ ಅಗತ್ಯವಿಲ್ಲ. ನೆಲದಿಂದ ಎದ್ದು ಮತ್ತೆ ಕುಳಿತುಕೊಳ್ಳುವುದು ತೊಡೆ ಮತ್ತು ಸೊಂಟಕ್ಕೆ ಒಳ್ಳೆಯ ವ್ಯಾಯಾಮ, ಖುರ್ಚಿಯಿಂದ ಏಳುವುದಕ್ಕಿಂತ ಹೆಚ್ಚಿನ ಬಲವನ್ನು ಅದು ಬೇಡುತ್ತದೆ. ನಿಮ್ಮ ತೊಂದರೆ ಕಂಪ್ಯೂಟರಿನಿಂದ ಬರಬಹುದು. ಖಾತೆ ಪುಸ್ತಕಕ್ಕೆಂದು ಮಾಡಿಸಿದ ಗಿಡ್ಡ ಮೇಜಿನ ಮೇಲೆ ಪರದೆ ಇಟ್ಟರೆ ಕುತ್ತಿಗೆ ಎದೆಯ ಕಡೆಗೆ ಬಾಗಿಯೇ ಇರುತ್ತದೆ, ಆದ್ದರಿಂದ ಪರದೆಯನ್ನು ಪೆಟ್ಟಿಗೆಯ ಮೇಲೆ ಎತ್ತರಿಸಿ. ಮಡಚಿದ ಕಂಬಳಿಯನ್ನು ಪೃಷ್ಠದ ಕೆಳಗಷ್ಟೇ ಹಾಕಿಕೊಂಡರೆ ಸೊಂಟ ಮೊಣಕಾಲಿಗಿಂತ ಮೇಲಿದ್ದು ಬೆನ್ನು ಗೂನಾಗುವುದಿಲ್ಲ. ಒರಗುವ ಲೋಡುದಿಂಬನ್ನು ಪಕ್ಕದಿಂದ ತೆಗೆದು ಸೊಂಟದ ಹಿಂದಕ್ಕೆ ಇಟ್ಟುಕೊಳ್ಳಿ, ಆಗಾಗ ಕಾಲು ಬದಲಿಸಿ. ಹಂಗಾಮಿನಲ್ಲಿ ಚೀಲಗಳ ತೂಕ ಬರೆದುಕೊಳ್ಳುವ ಕೆಲಸವನ್ನು ನೀವೇ ವಹಿಸಿಕೊಂಡರೆ ಅಂಗಳಕ್ಕೆ ಹೋಗಿಬರುವ ನೆಪವೂ ಸಿಗುತ್ತದೆ. ಮೊಣಕಾಲು ನೋಯುತ್ತಿದ್ದರೆ, ಅಥವಾ ಕೈಯೂರದೆ ಏಳಲು ಆಗದಂತಿದ್ದರೆ, ಮಗ ಹೇಳಿದಂತೆ ಖುರ್ಚಿ ತರಿಸಿಕೊಳ್ಳಿ; ಆದರೆ ಅದರಿಂದಲೂ ಅರ್ಧ ತಾಸಿಗೊಮ್ಮೆ ಏಳಿ.