ಅಕ್ಷರ ಮೂಡಿಸುವ ಯಂತ್ರ ಮೊದಲೇ ಇದ್ದರೆ ಪೇಟೆಂಟ್ ಬಿದ್ದುಹೋಗುತ್ತದೆಯೇ?

ಪರದೆಯ ಮೇಲೆ ಅಕ್ಷರ ಮೂಡಿಸುವ ಸಾಧನ ಮೊದಲೇ ಇದ್ದರೂ, ಅದೇ ಕೆಲಸದ ಮತ್ತೊಂದು ಪೇಟೆಂಟನ್ನು ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯುವುದು ಹೇಗೆ ಸಾಧ್ಯ ಎಂದು ಕೇಳಿದ್ದೀರಿ. ನಾನು ಪೇಟೆಂಟ್ ಅರ್ಜಿಗಳ ಕರಡು ಬರೆಯುವವನು. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಎಲೆಕ್ಟ್ರಾನಿಕ್ಸ್ ಕಂಪನಿ ಆರ್‌ಸಿಎಯ ವ್ಯಾಜ್ಯ.

ಅದರ ಪೇಟೆಂಟ್ ಅಮೆರಿಕದಲ್ಲಿ ಮಂಜೂರಾದದ್ದು 1967ರಲ್ಲಿ, ಸಂಖ್ಯೆ 3,345,458. ಅಕ್ಷರಗಳ ಆಕಾರವನ್ನು ಡಿಜಿಟಲ್ ರೂಪದಲ್ಲಿ ಕೂಡಿಟ್ಟು, ಅದರಿಂದ ವಿಡಿಯೊ ಸಂಕೇತ ಹುಟ್ಟಿಸುವುದು ಅದರ ವಿಷಯ. ಈ ಬಗೆಯ ವ್ಯವಸ್ಥೆಯಲ್ಲಿ ಇಂಗ್ಲಿಷಿನ ‘ಎ’ ಅಕ್ಷರವನ್ನು ಅಡ್ಡಕ್ಕೆ 5, ಉದ್ದಕ್ಕೆ 7 ಚುಕ್ಕಿಗಳ ಚೌಕಳಿಯಲ್ಲಿ ಇಟ್ಟರೆ, ಮೇಲಿನ ಸಾಲಿನಲ್ಲಿ ನಡುವಿನ ಒಂದೇ ಚುಕ್ಕಿ ಬೆಳಗುತ್ತದೆ, ಎರಡನೆಯದರಲ್ಲಿ ಅದರ ಅಕ್ಕಪಕ್ಕದ ಎರಡು, ಐದನೆಯದರಲ್ಲಿ ಐದೂ. ಪರದೆಯ ಮೇಲೆ ಓಡುವ ಎಲೆಕ್ಟ್ರಾನ್ ಕಿರಣವು ಬರಹದ ಒಂದು ಸಾಲಿನ ಎಲ್ಲ ಅಕ್ಷರಗಳ ನೆತ್ತಿಯನ್ನು ಮೊದಲು ಎಳೆದು, ಆಮೇಲೆ ಕೆಳಗಿಳಿಯುತ್ತದೆ. ಇದಕ್ಕೂ ಮುಂಚಿನ ಚಾರಾಕ್ಟ್ರಾನ್ ನಳಿಕೆಯಾದರೋ ಎಲೆಕ್ಟ್ರಾನ್ ಕಿರಣವನ್ನು ಅಕ್ಷರದಾಕಾರದ ರಂಧ್ರದೊಳಗೆ ಹಾಯಿಸಿ, ಅದರ ರೂಪರೇಖೆಯನ್ನು ಒಮ್ಮೆಗೇ ಪರದೆಗೆ ಒತ್ತುತ್ತಿತ್ತು. ಅದನ್ನು ಇಲ್ಲಿ ಹೋಲಿಕೆಗಾಗಿ ಮಾತ್ರ ಹೇಳುತ್ತಿದ್ದೇನೆ: ನೋಡುವವರ ಕಣ್ಣಿಗೆ ಎರಡೂ ಅಕ್ಷರವೇ, ಒಳಗಿನ ದಾರಿ ಮಾತ್ರ ಬೇರೆ.

ಅಪ್ಲೈಡ್ ಡಿಜಿಟಲ್ ಡೇಟಾ ಸಿಸ್ಟಮ್ಸ್ ಎಂಬ ಕಂಪನಿಯ ಎದುರು ಆರ್‌ಸಿಎ ಹೂಡಿದ ದಾವೆಯಲ್ಲಿ, ಈ ಆವಿಷ್ಕಾರ ಹಿಂದೆಯೇ ಬಯಲಾಗಿತ್ತೆಂದು ಕೆಳಗಿನ ನ್ಯಾಯಾಲಯ ತೀರ್ಮಾನಿಸಿತ್ತು. 1984ರಲ್ಲಿ, ಅಮೆರಿಕದ ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹೊಸತನವಿಲ್ಲ ಎನ್ನಬೇಕಾದರೆ ಕ್ಲೇಮಿನಲ್ಲಿ, ಅಂದರೆ ಪೇಟೆಂಟಿನಲ್ಲಿ ಇದು ನನ್ನ ಹಕ್ಕು ಎಂದು ಬರೆದಿಡುವ ಭಾಗದಲ್ಲಿ, ಹೇಳಿದ ಪ್ರತಿಯೊಂದು ಅಂಶವೂ ಹಳೆಯ ಒಂದೇ ದಾಖಲೆಯಲ್ಲಿ, ಬಾಯಿಬಿಟ್ಟು ಹೇಳಿಯೋ ಅಥವಾ ಅದರೊಳಗೆ ತಾನಾಗಿಯೇ ಅಡಕವಾಗಿಯೋ ಇರಲೇಬೇಕು. ಒಂದು ಅಂಶ ತಪ್ಪಿದರೂ ಆ ಆಕ್ಷೇಪಣೆ ನಿಲ್ಲುವುದಿಲ್ಲ. ಆ ತಪ್ಪಿದ ಅಂಶ ಆ ಕ್ಷೇತ್ರ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದೇ ಎಂಬುದು ಪ್ರತ್ಯೇಕ ಪ್ರಶ್ನೆ, ಅದಕ್ಕೆ ಪ್ರತ್ಯೇಕ ಪರೀಕ್ಷೆ. ಇವೆರಡನ್ನೂ ಬೆರೆಸಿಬಿಡುವ ತಪ್ಪನ್ನು ನಾನು ಅನುಭವಿಗಳ ಕರಡುಗಳಲ್ಲೂ ಕಂಡಿದ್ದೇನೆ.

ಆದರೂ ಆ ಪೇಟೆಂಟ್ ಕೊನೆಗೆ ಉಳಿಯಲಿಲ್ಲ. ಡೇಟಾ ಜನರಲ್ ಎಂಬ ಕಂಪ್ಯೂಟರ್ ಕಂಪನಿಯ ವಿರುದ್ಧದ ಪ್ರಕರಣದಲ್ಲಿ, ಆರ್‌ಸಿಎ ತಾನೇ ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಗೆ ಆ ವ್ಯವಸ್ಥೆಯನ್ನು ಒದಗಿಸುವ ಪ್ರಸ್ತಾವವನ್ನು, ಪೇಟೆಂಟ್ ಅರ್ಜಿ ಹಾಕುವ ಒಂದು ವರ್ಷಕ್ಕೂ ಮೊದಲೇ ಸಲ್ಲಿಸಿತ್ತು ಎಂಬುದು ಸಾಬೀತಾಯಿತು. ಅಷ್ಟು ಮೊದಲೇ ಮಾರಲು ಮುಂದಾದ ಆವಿಷ್ಕಾರಕ್ಕೆ ಪೇಟೆಂಟ್ ಸಲ್ಲುವುದಿಲ್ಲ; ಆ ಪ್ರಸ್ತಾವ ಮಾರಾಟದ ಕೊಡುಗೆಯೇ ಎಂದು 1989ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ, ಪೇಟೆಂಟ್ ಅಸಿಂಧುವೆಂಬ ಕೆಳಗಿನ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ನೀವು ಕೇಳುತ್ತಿರುವುದು ನಿಮ್ಮದೇ ಸಾಧನದ ಸಲುವಾಗಿಯಾದರೆ, ಹಳೆಯ ಪೇಟೆಂಟುಗಳನ್ನು ಹುಡುಕುವ ಮೊದಲು, ಅದರ ಕೊಟೇಶನ್ ಯಾವ ದಿನ ಯಾರ ಕೈ ಸೇರಿತು ಎಂಬುದನ್ನು ನೋಡಿಕೊಳ್ಳಿ.