39ನೇ ವಯಸ್ಸಿನಲ್ಲಿ ಹೂ ಕಟ್ಟಲು ಕಲಿತೆ

ಚಿಕ್ಕಂದಿನಲ್ಲಿ ಕಲಿಯದೆ ಬಿಟ್ಟ ಸಣ್ಣಪುಟ್ಟ ಕೆಲಸಗಳಲ್ಲಿ ದೊಡ್ಡವರಾದ ಮೇಲೆ ಯಾವುದನ್ನು ನಮ್ಮದೇ ರೀತಿಯಲ್ಲಿ ಕಲಿಯಬಹುದು ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಹೂ ಕಟ್ಟೋದು.

ನಾನು ಎಡಗೈಯವಳು. ಮೈಸೂರಿನ ನಮ್ಮ ಮನೇಲಿ ಸಂಜೆಯಾದರೆ ಅಜ್ಜಿ, ಅಮ್ಮ, ಚಿಕ್ಕಮ್ಮ ಮೊರದಲ್ಲಿ ಮೊಗ್ಗು ಹರವಿಕೊಂಡು ಕೂರೋರು. ನಾನೂ ಪಕ್ಕದಲ್ಲಿ ಕೂತು ಅವರ ಕೈ ನೋಡಿ ಕಟ್ಟಲು ಹೋದರೆ ಪ್ರತಿ ಸಲ ಕುಣಿಕೆ ಬಿಚ್ಚಿ ಮೊಗ್ಗೆಲ್ಲ ಮಡಿಲಿಗೆ ಉದುರೋದು. "ದೇವರ ಹೂವಿಗೆ ಎಡಗೈ ಹಾಕ್ಬೇಡ ಕಣೇ" ಅಂತ ಅಜ್ಜಿ ಒಂದಿನ ಗದರಿದರು. ಅವತ್ತು ಬಿಟ್ಟವಳು ಮೂವತ್ತು ವರ್ಷ ಮೊಳದ ಲೆಕ್ಕದಲ್ಲಿ ಹೂ ಕೊಂಡುಕೊಂಡೇ ಮುಡಿದೆ.

ಆಮೇಲೆ ಕೆಲಸದ ಮೇಲೆ ಉಡುಪಿಗೆ ಬಂದೆ. ಅಲ್ಲಿ ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬೆಳಗ್ಗೆಯೇ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂಥದ್ದೊಂದು ಮನೆಗೆ ಹೋದಾಗ ಜಗಲಿಯಲ್ಲಿ ಪಕ್ಕ ಜಾಗವಿರಲಿಲ್ಲ, ಹೂ ಕಟ್ಟುತ್ತಿದ್ದ ಅಕ್ಕನ ಎದುರಿಗೇ ಕೂತೆ. ಸ್ವಲ್ಪ ಹೊತ್ತು ನೋಡಿದವಳಿಗೆ ಮೈ ಜುಂ ಅಂತು. ಅವರ ಬಲಗೈ ಇದ್ದ ಕಡೆಗೇ ನನ್ನ ಎಡಗೈ ಇತ್ತು. ಕನ್ನಡಿ ನೋಡಿ ತಲೆ ಬಾಚಿಕೊಂಡ ಹಾಗೆ ಅವರು ಮಾಡಿದ್ದನ್ನೇ ಮಾಡುತ್ತಾ ಹೋದೆ.

ಬಲಗೈ ಹೆಬ್ಬೆರಳು, ತೋರುಬೆರಳ ನಡುವೆ ನಾರು ಹಿಡಿದು ಎರಡು ಮೊಗ್ಗು ಆಚೆ ಮುಖ, ಎರಡು ಈಚೆ ಮುಖ ಮಾಡಿ ತೊಟ್ಟಿನ ಮೇಲೆ ತೊಟ್ಟು ಇಡಬೇಕು. ಎಡಗೈಯಿಂದ ನಾರನ್ನು ತೊಟ್ಟುಗಳಿಗೆ ಒಂದು ಸುತ್ತು ಸುತ್ತಿ, ಬೆರಳಲ್ಲಿ ಕುಣಿಕೆ ತೆಗೆದು, ಅದನ್ನು ತಿರುವಿ, ತೊಟ್ಟಿಗೆ ತೊಡಿಸಿ ಎಳೆಯೋದು. ಗುಟ್ಟೆಲ್ಲ ಆ ತಿರುವಿನಲ್ಲಿದೆ. ಚಿಕ್ಕವಳಿದ್ದಾಗ ನಾನು ಅಜ್ಜಿ ತಿರುವಿದ ದಿಕ್ಕಿಗೇ ತಿರುವುತ್ತಿದ್ದೆ. ನಾರು ಹಿಡಿದ ಕೈಯೇ ಅದಲುಬದಲಾದ ಮೇಲೆ ತಿರುವೂ ಉಲ್ಟಾ ಆಗಬೇಕು, ಇಲ್ಲದಿದ್ದರೆ ಗಂಟು ಬೀಳೋದೇ ಇಲ್ಲ. ಇಷ್ಟನ್ನು ಆಗ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಪಾಪ, ಅಜ್ಜಿಗೂ ಗೊತ್ತಿರಲಿಲ್ಲ.

ಕಳೆದ ಗೌರಿಹಬ್ಬಕ್ಕೆ ನಾನು ಕಟ್ಟಿದ ಒಂದು ಮಾರು ಮಲ್ಲಿಗೆಯನ್ನು ಅಮ್ಮ ಗೌರಿಗೆ ಮುಡಿಸಿದರು.

ಆ ಧೈರ್ಯದ ಮೇಲೆ ಅಂಗಿಗೆ ಗುಂಡಿ ಹೊಲಿಯೋದನ್ನೂ ಕಲಿತೆ. ಗುಂಡಿಯ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಟು ಹೊಲಿದು, ಕಡ್ಡಿ ಎಳೆದು, ಉಳಿದ ಸಡಿಲಿಗೆ ಗುಂಡಿಯ ಕೆಳಗೆ ದಾರ ಸುತ್ತಿ ಗಂಟು ಹಾಕಿದರೆ ದಪ್ಪ ಬಟ್ಟೆಯ ಕಾಜಾದಲ್ಲೂ ಸರಾಗವಾಗಿ ಕೂರುತ್ತೆ.

ನೀವೂ ಎಡಗೈಯವರಾದರೆ ಕಲಿಸುವವರ ಎದುರು ಕೂರಿ. ಕಟ್ಟುವವರ ಹೆಗಲ ಮೇಲಿಂದ ತೆಗೆದ ವಿಡಿಯೋ ಆದರೆ ಫೋನನ್ನು ಕನ್ನಡಿಗೆ ಹಿಡಿದು, ಕನ್ನಡಿಯೊಳಗೆ ನೋಡಿ. ಬಾಳೆನಾರನ್ನು ನೀರಲ್ಲಿ ನೆನೆಸಿಕೊಳ್ಳಿ, ಒಣಗಿದ್ದರೆ ತುಂಡಾಗುತ್ತೆ. ಶುರುವಿಗೆ ಕಾಕಡ ತಗೊಳ್ಳಿ, ತೊಟ್ಟು ಗಟ್ಟಿ ಇರುತ್ತೆ. ಕನಕಾಂಬರಕ್ಕೆ ಮಾತ್ರ ಒಂದೆರಡು ತಿಂಗಳು ಕೈ ಹಾಕಬೇಡಿ, ಸ್ವಲ್ಪ ಬಿಗಿಯಾದರೂ ಹೂ ಕತ್ತರಿಸಿ ಬೀಳುತ್ತೆ.