ಮೋಟಾರ್‌ಸೈಕಲ್ ಟ್ರಯಲ್ಸ್‌ಗೆ ಅಬ್ಸರ್ವರ್ ಆಗಿ ಹೋಗುವವರು ಏನೇನು ತಿಳಿದಿರಬೇಕು?

ನೀವು ಕೇಳಿರುವುದು ಇಷ್ಟು: ಕೆಲಸದ ಮೇಲೆ ಯಾರ್ಕ್‌ಶೈರ್‌ಗೆ ಹೋಗಿದ್ದೀರಿ. ಪಕ್ಕದ ಮನೆಯವರು ತಮ್ಮ ಕ್ಲಬ್ಬಿನ ಭಾನುವಾರದ ಟ್ರಯಲ್‌ಗೆ ಅಬ್ಸರ್ವರ್ ಆಗಿ, ಅಂದರೆ ದಾರಿಯ ಪಕ್ಕ ನಿಂತು ಸವಾರರಿಗೆ ಅಂಕ ಹಾಕುವವರಾಗಿ ಬನ್ನಿ ಎಂದು ಕರೆದಿದ್ದಾರೆ. ಬೈಕ್ ಓಡಿಸಿ ಅಭ್ಯಾಸವಿದೆ, ಈ ಆಟ ಮಾತ್ರ ಗೊತ್ತಿಲ್ಲ. ಮುಂದೆ ಅಲ್ಲೇ ಒಂದು ಹಳೇ ಟ್ರಯಲ್ಸ್ ಬೈಕ್ ಕೊಳ್ಳುವ ಯೋಚನೆಯೂ ಇದೆ. ಬೆಂಗಳೂರಿನ ಮನೆಯಲ್ಲಿರುವ ಹೀರೊ ಎಕ್ಸ್‌ಪಲ್ಸ್ ಬೈಕ್‌ನಲ್ಲಿ ಇದನ್ನು ಕಲಿಯಬಹುದೇ ಎಂಬುದು ಕೊನೆಯ ಪ್ರಶ್ನೆ.

ಖಂಡಿತ ಹೋಗಿ. ಆಟ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದೇ ಬಂಡೆಯನ್ನು ಹತ್ತಾರು ಜನ ನಾಲ್ಕು ನಾಲ್ಕು ಸಲ ಹತ್ತುವುದನ್ನು ಹತ್ತು ಅಡಿ ದೂರದಿಂದ ನೋಡಲು ಸಿಗುತ್ತದೆ. ಯಾರು ಹತ್ತಿದರು, ಯಾರು ಉರುಳಿದರು, ಏಕೆ ಎಂಬುದೆಲ್ಲ ಮಧ್ಯಾಹ್ನದೊಳಗೆ ತಾನಾಗಿ ಅರ್ಥವಾಗುತ್ತದೆ.

ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಳ್ಳದ ಕಲ್ಲು, ಕೆಸರಿನ ದಿಬ್ಬ, ಮರದ ಬೇರುಗಳ ನಡುವೆ ಗುರುತು ಹಾಕಿದ ತುಂಡು ದಾರಿಗೆ ಸೆಕ್ಷನ್ ಎನ್ನುತ್ತಾರೆ. ಕಾಲು ಊರದೆ ಅದನ್ನು ದಾಟಬೇಕು. ಊರದಿದ್ದರೆ ಸೊನ್ನೆ, ಅದೇ ಕ್ಲೀನ್. ಒಂದು ಸಲ ಕಾಲು ತಾಗಿಸಿದರೆ 1, ಎರಡು ಸಲಕ್ಕೆ 2, ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಎಷ್ಟೇ ಆದರೂ 3. ಸೆಕ್ಷನ್ ಮುಗಿಸಲಾಗದಿದ್ದರೆ 5. ನಾಲ್ಕು ಎಂಬ ಅಂಕವೇ ಇಲ್ಲ. ಸಾಮಾನ್ಯ ಕ್ಲಬ್ ಟ್ರಯಲ್‌ನಲ್ಲಿ ಹತ್ತು ಸೆಕ್ಷನ್, ನಾಲ್ಕು ಸುತ್ತು, ಅಂದರೆ 40 ಪ್ರಯತ್ನ. ಎಲ್ಲದರಲ್ಲೂ ಸೋತವನಿಗೆ 200. ಕಡಿಮೆ ಅಂಕದವನು ಗೆದ್ದ. ಅಂಕ ಸಮವಾದರೆ ಸಾಮಾನ್ಯವಾಗಿ ಹೆಚ್ಚು ಕ್ಲೀನ್ ಮಾಡಿದವನು ಮೇಲೆ.

ಸೆಕ್ಷನ್ ಶುರುವಾಗುವಲ್ಲಿ, ಮುಗಿಯುವಲ್ಲಿ ಒಂದೊಂದು ಕಾರ್ಡ್ ನೆಟ್ಟಿರುತ್ತಾರೆ. ಮುಂದಿನ ಚಕ್ರದ ಆಕ್ಸಲ್ ಮೊದಲ ಕಾರ್ಡ್ ದಾಟಿದ ಕ್ಷಣದಿಂದ ಕೊನೆಯ ಕಾರ್ಡ್ ದಾಟುವ ಕ್ಷಣದವರೆಗೆ ನಿಮ್ಮ ಲೆಕ್ಕ. ಆಕ್ಸಲ್ ಆಚೆ ಹೋದ ಮೇಲೆ ಸವಾರ ಧೊಪ್ಪನೆ ಬಿದ್ದರೂ ಸೊನ್ನೆ ಸೊನ್ನೆಯೇ. ದಾರಿಯ ಬಲಕ್ಕೆ ಕೆಂಪು ಗುರುತು, ಎಡಕ್ಕೆ ನೀಲಿ. ಒಂದೇ ಸೆಕ್ಷನ್ನಿನೊಳಗೆ ಪರಿಣತರಿಗೆ ಒಂದು ದಾರಿ, ಹೊಸಬರಿಗೆ, ವಯಸ್ಸಾದವರಿಗೆ ಇನ್ನೊಂದು ಇರುತ್ತದೆ. ಯಾವ ಬಣ್ಣದ ಬಾಣ ಯಾವ ವರ್ಗದ್ದು ಎಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಅದನ್ನು ಬೆಳಿಗ್ಗೆಯೇ ನಿಮ್ಮ ಹಾಳೆಯ ತಲೆಯ ಮೇಲೆ ಬರೆದುಕೊಳ್ಳಿ. ಬೇರೆ ವರ್ಗದ ದಾರಿಯಲ್ಲಿ ನುಗ್ಗಿದವನನ್ನು ಗಮನಿಸದೆ ಸೊನ್ನೆ ಕೊಡುವುದು ಹೊಸ ಅಬ್ಸರ್ವರ್‌ಗಳಲ್ಲಿ ಬಹಳ ಸಾಮಾನ್ಯ.

ಹೀಗೆ ಕಾಲು ತಾಗಿಸುವುದಕ್ಕೆ ಡ್ಯಾಬ್ ಎನ್ನುತ್ತಾರೆ, ಆದರೆ ಅದು ಪಾದ ಮಾತ್ರವಲ್ಲ. ಮೊಣಕಾಲು, ಕೈ, ಭುಜ ಯಾವುದು ನೆಲಕ್ಕೆ ತಾಗಿದರೂ ಡ್ಯಾಬ್. ಬೀಳುವುದನ್ನು ತಪ್ಪಿಸಲು ಮರಕ್ಕೋ ಬಂಡೆಗೋ ಒರಗಿದರೂ ಅಷ್ಟೇ. ಇಂಜಿನ್ನಿನ ಅಡಿಯ ಬ್ಯಾಷ್‌ಪ್ಲೇಟ್ ಕಲ್ಲಿಗೆ ಉಜ್ಜಿದರೆ ಮಾತ್ರ ದಂಡವಿಲ್ಲ, ಅದಿರುವುದೇ ಅದಕ್ಕೆ. 5 ಅಂಕ ಬೀಳುವ ಸಂದರ್ಭಗಳು: ಬೈಕ್ ಹಿಂದಕ್ಕೆ ಜಾರಿತು, ಗಡಿ ದಾಟಿತು, ಗುರುತಿನ ಗೂಟ ಕಿತ್ತು ಬಂತು, ಸವಾರ ಬೈಕ್‌ನಿಂದ ಇಳಿದುಬಿಟ್ಟ, ಕಾಲೂರಿದ್ದಾಗ ಇಂಜಿನ್ ಆಫ್ ಆಯಿತು, ಹೊರಗಿನವರು ಹಿಡಿದು ನೆರವಾದರು. ಮುಂದೆ ವಿದ್ಯುತ್ ಬೈಕ್‌ಗಳೇ ತುಂಬಿದರೆ ಇಂಜಿನ್ ಆಫ್ ಎಂಬ ಕಲಮಿಗೆ ಕೆಲಸ ಉಳಿಯುವುದಿಲ್ಲ. ಎಲೆಕ್ಟ್ರಿಕ್ ಮೋಷನ್ ಎಪ್ಯೂರ್‌ನಂಥವು ಈಗಾಗಲೇ ಕ್ಲಬ್ ಟ್ರಯಲ್‌ಗಳಲ್ಲಿವೆ.

ಇನ್ನು ಜಗಳವೆಲ್ಲ ಹುಟ್ಟುವ ವಿಷಯ: ನಿಲ್ಲಬಹುದೋ ನಿಲ್ಲಬಾರದೋ? ಬೆಳಿಗ್ಗೆ ಕ್ಲರ್ಕ್ ಆಫ್ ದ ಕೋರ್ಸ್ (ಟ್ರಯಲ್ ನಡೆಸುವ ಅಧಿಕಾರಿ) ಎದುರಾದ ತಕ್ಷಣ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಬ್ರಿಟನ್ನಿನ ಮೋಟಾರ್‌ಸೈಕಲ್ ಕ್ರೀಡಾ ಸಂಸ್ಥೆ ಎಸಿಯು (ಆಟೋ-ಸೈಕಲ್ ಯೂನಿಯನ್) ನಿಯಮಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಕಲಮುಗಳಿವೆ. ನೋ-ಸ್ಟಾಪ್ ಎಂದರೆ ಮುಂದಕ್ಕೆ ಚಲನೆ ನಿಂತರೆ ಸಾಕು, ಕಾಲೂರದಿದ್ದರೂ 5. ಸ್ಟಾಪ್ ಅಲೌಡ್ ಎಂದರೆ ಸವಾರ ಕಾಲೆತ್ತಿಕೊಂಡೇ ನಿಂತು, ಹಿಂದಿನ ಚಕ್ರವನ್ನು ಎಗರಿಸಿ ಪಕ್ಕಕ್ಕೆ ಸರಿಸಿ, ಮುಂದಿನ ಕಲ್ಲಿಗೆ ಗುರಿ ಹಿಡಿಯಬಹುದು. ನಿಂತಿರುವಾಗ ಕಾಲೂರಿದರೆ ಎಷ್ಟು ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ. ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಈ ಎಳೆದಾಟ ಹಳೆಯದು, 2013ರಲ್ಲಿ ಅಲ್ಲಿ ನೋ-ಸ್ಟಾಪ್ ತಂದರು. ಸ್ಪೇನಿನ ಸವಾರ ಟೋನಿ ಬೌ 2007ರಿಂದ ವರ್ಷಾನುಗಟ್ಟಲೆ ವಿಶ್ವ ಪ್ರಶಸ್ತಿ ಬಿಟ್ಟುಕೊಡದೆ ಗೆದ್ದಿದ್ದು ಎರಡೂ ಬಗೆಯ ನಿಯಮಗಳಡಿಯಲ್ಲಿ. ನನ್ನ ಅಭಿಪ್ರಾಯ ಕೇಳಿದರೆ ಕ್ಲಬ್ ಮಟ್ಟಕ್ಕೆ ನೋ-ಸ್ಟಾಪ್ ಒಳ್ಳೆಯದು. ಐವತ್ತು ದಾಟಿದವರೂ ಹಳೇ ಬೈಕ್‌ನವರೂ ಸ್ಪರ್ಧೆಯಲ್ಲಿ ಉಳಿಯುತ್ತಾರೆ, ಸೆಕ್ಷನ್ ಮುಂದೆ ಸಾಲು ಬೆಳೆಯುವುದಿಲ್ಲ. ಆದರೆ ಅಬ್ಸರ್ವರ್‌ಗೆ ಅದು ಕಷ್ಟದ ನಿಯಮ.

ಏಕೆ ಕಷ್ಟ? ಮೆಟ್ಟಿಲಿನಂಥ ಬಂಡೆಗೆ ಮುಂದಿನ ಚಕ್ರ ಬಡಿದಾಗ ಬೈಕ್ ಒಂದು ಕ್ಷಣ ತಡವರಿಸುತ್ತದೆ. ಇಂಜಿನ್ ಕಿರುಚುತ್ತಿರುತ್ತದೆ, ಹಿಂದಿನ ಚಕ್ರ ಸುತ್ತುತ್ತಿರುತ್ತದೆ, ಸವಾರನ ಮೈ ಮುಂದಕ್ಕೆ ಬಾಗುತ್ತಿರುತ್ತದೆ. ಈ ಗದ್ದಲದಲ್ಲಿ ಎಲ್ಲವೂ ಮುಂದೆ ಹೋಗುತ್ತಿರುವಂತೆ ಕಾಣುತ್ತದೆ. ಸವಾರನನ್ನಾಗಲಿ ಸುತ್ತುವ ಟೈರನ್ನಾಗಲಿ ನೋಡಬೇಡಿ. ಆಕ್ಸಲ್ ನೋಡಿ, ಅದರ ಹಿಂದೆ ಕಾಣುವ ಒಂದು ಕದಲದ ವಸ್ತುವನ್ನು ಮೊದಲೇ ಗುರುತಿಟ್ಟುಕೊಳ್ಳಿ: ಬಿಳಿ ಕಲೆಯ ಕಲ್ಲು, ಬೇಲಿಯ ಕಂಬ, ಏನಾದರೂ. ಆಕ್ಸಲ್ ಆ ಗುರುತಿಗೆ ಹೋಲಿಸಿದರೆ ಸರಿಯುತ್ತಿದೆಯೇ, ನಿಂತಿದೆಯೇ? ಚಕ್ರ ಒಂದೇ ಜಾಗದಲ್ಲಿ ಗರಗರ ತಿರುಗುತ್ತಿದ್ದರೆ ಅದು ನಿಂತಂತೆಯೇ ಲೆಕ್ಕ. ನಿಜಕ್ಕೂ ಅನುಮಾನವಿದ್ದರೆ ಸವಾರನ ಪರವಾಗಿ ಕೊಡಿ. ಒಂದೇ ಷರತ್ತು: ಬೆಳಿಗ್ಗೆ ಮೊದಲನೆಯವನಿಗೆ ಎಷ್ಟು ಸಡಿಲ ಬಿಟ್ಟಿರೋ, ಸಂಜೆ ಕೊನೆಯವನಿಗೂ ಅಷ್ಟೇ ಬಿಡಬೇಕು. ಸವಾರರು ಬಿಗಿ ಅಬ್ಸರ್ವರ್‌ನನ್ನು ಸಹಿಸಿಕೊಳ್ಳುತ್ತಾರೆ, ಸಡಿಲನನ್ನೂ ಸಹಿಸುತ್ತಾರೆ. ಎರಡನೇ ಸುತ್ತಿಗೆ ಅಳತೆ ಬದಲಿಸುವವನನ್ನು ಮಾತ್ರ ಸಹಿಸುವುದಿಲ್ಲ. ಪರಿಚಯದವರು ಬಂದಾಗ ಕಣ್ಣು ಇನ್ನೂ ಚುರುಕಾಗಿರಲಿ.

ಎಲ್ಲಿ ನಿಲ್ಲಬೇಕು? ಸವಾರರಿಗೆ ಬಿಡುವ ಮೊದಲೇ ಸೆಕ್ಷನ್ ನಡೆದು ನೋಡಿ, ಹೆಚ್ಚು ಡ್ಯಾಬ್ ಬೀಳುವ ಜಾಗ ಯಾವುದೆಂದು ಊಹಿಸಿ. ಆ ಜಾಗವೂ ಕೊನೆಯ ಕಾರ್ಡೂ ಒಟ್ಟಿಗೆ ಕಾಣುವ ಕಡೆ, ದಾರಿಗೆ ಪಕ್ಕದಲ್ಲಿ ನಿಲ್ಲಿ. ಹಿಂದಿನ ಚಕ್ರದ ನೇರ ಹಿಂದೆ ಬೇಡ, ಕಲ್ಲು ಎರಚುತ್ತದೆ. ಏರಿನ ಕೆಳಗೂ ಬೇಡ, ಹಿಮ್ಮಗುಚಿದ ಬೈಕ್ ಬರುವುದು ಅಲ್ಲಿಗೇ. ಅತ್ತ ಬದಿಯ ಕಾಲು ಬೈಕ್ ಮರೆಯಲ್ಲಿದ್ದರೆ ಸವಾರನ ಸೊಂಟ ನೋಡಿ. ಸೊಂಟ ಫಕ್ಕನೆ ಆ ಕಡೆ ಕುಸಿದು ಮತ್ತೆ ಎದ್ದರೆ ಅಲ್ಲಿ ಕಾಲು ಇಳಿದಿರುತ್ತದೆ, ಮುಂದಿನವನ ಸರದಿಗೆ ನಾಲ್ಕು ಹೆಜ್ಜೆ ಜಾಗ ಬದಲಿಸಿ. ಸೆಕ್ಷನ್ನಿನೊಳಗೆ ಒಂದು ಹೊತ್ತಿಗೆ ಒಬ್ಬನೇ. ನೀವು ಕೈ ತೋರಿಸಿದ ಮೇಲೆ ಮುಂದಿನವನು ಹೊರಡಬೇಕು. ಬೀಳುವ ಬೈಕ್‌ಗೆ ಕೈ ಹಾಕಿದರೆ ಅದು ನೆರವು, ಅವನಿಗೆ ಐದು. ಹಾಗೆಂದು ಬೈಕ್ ಅವನ ಮೇಲೆ ಮಗುಚುವಂತಿದ್ದರೆ ಅಂಕದ ಯೋಚನೆ ಬಿಟ್ಟು ಹಿಡಿಯಿರಿ. ನಾಯಿಯೋ ಪ್ರೇಕ್ಷಕನೋ ಅಡ್ಡ ಬಂದರೆ ಮರುಪ್ರಯತ್ನ ಕೊಡಬಹುದು, ಅಡ್ಡಿಯಾಗುವ ಮೊದಲು ಹಾಕಿದ್ದ ಡ್ಯಾಬ್‌ಗಳು ಮಾತ್ರ ಹಾಗೇ ಉಳಿಯುತ್ತವೆ.

ಸವಾರ ಮುಗಿಸಿದ ತಕ್ಷಣ ಅಂಕವನ್ನು ಕೈಯೆತ್ತಿ ತೋರಿಸಿ: ಕ್ಲೀನ್‌ಗೆ ಮುಚ್ಚಿದ ಮುಷ್ಟಿ, ಒಂದು, ಎರಡು, ಮೂರಕ್ಕೆ ಅಷ್ಟು ಬೆರಳು, ಐದಕ್ಕೆ ಬಿಚ್ಚಿದ ಅಂಗೈ. ತೋರಿಸಿದ್ದನ್ನು ಆಗಲೇ ಬರೆಯಿರಿ, ಇಬ್ಬರದ್ದನ್ನು ಒಟ್ಟಿಗೆ ಬರೆದರಾಯಿತು ಎನ್ನಬೇಡಿ. ಹಾಳೆಯಲ್ಲಿ ಸವಾರರ ಸಂಖ್ಯೆ ಕೆಳಕ್ಕೆ, ಸುತ್ತುಗಳು ಅಡ್ಡಕ್ಕೆ ಇರುತ್ತವೆ. ಕ್ಲೀನ್ ಆದರೆ ಸೊನ್ನೆಯನ್ನೇ ಬರೆಯಬೇಕು. ಖಾಲಿ ಬಿಟ್ಟರೆ ಅವನು ಸೆಕ್ಷನ್ನಿಗೆ ಬರಲೇ ಇಲ್ಲ ಎಂದಾಗುತ್ತದೆ, ರಾತ್ರಿ ಅಂಕ ಕೂಡಿಸುವವರು ತಲೆ ಕೆಡಿಸಿಕೊಳ್ಳುತ್ತಾರೆ. ಪೆನ್ನು ಬೇಡ, ಎರಡು ಪೆನ್ಸಿಲ್ ಇಟ್ಟುಕೊಳ್ಳಿ. ಯಾರ್ಕ್‌ಶೈರ್ ಮಳೆಯಲ್ಲಿ ಒದ್ದೆ ಕಾಗದದ ಮೇಲೆ ಪೆನ್ನು ಓಡುವುದಿಲ್ಲ. ಹಾಳೆಯ ಮೇಲೆ ದೊಡ್ಡ ಪ್ಲಾಸ್ಟಿಕ್ ಚೀಲ ಕವುಚಿ, ಕೈಯನ್ನು ಅದರೊಳಗೆ ತೂರಿಸಿ ಬರೆಯಿರಿ. ಮೊಣಕಾಲುದ್ದದ ರಬ್ಬರ್ ಬೂಟು, ಫ್ಲಾಸ್ಕಿನಲ್ಲಿ ಚಹಾ. ಬೆಳಿಗ್ಗೆ ಸೈನ್-ಆನ್ ಹಾಳೆಗೆ ಸಹಿ ಹಾಕುವುದನ್ನು ಮರೆಯಬೇಡಿ. ಸಹಿ ಹಾಕದೆ ಹೋದವರು ವಿಮೆಯ ದೃಷ್ಟಿಯಲ್ಲಿ ಬರೀ ಪ್ರೇಕ್ಷಕರು.

ಯಾರ್ಕ್‌ಶೈರ್‌ನಲ್ಲೇ ಇದ್ದೀರಿ, ಆದ್ದರಿಂದ ಒಂದು ಮಾತು: ಸ್ವೇಲ್‌ಡೇಲ್ ಕಣಿವೆಯಲ್ಲಿ ನಡೆಯುವ ಸ್ಕಾಟ್ ಟ್ರಯಲ್ ನೋಡಲು ಹೋಗಿ. ಮೋಟಾರ್‌ಸೈಕಲ್ ತಯಾರಕ ಆಲ್ಫ್ರೆಡ್ ಆಂಗಸ್ ಸ್ಕಾಟ್ 1914ರಲ್ಲಿ ಶುರು ಮಾಡಿದ್ದು. ಅಲ್ಲಿ ಗಡಿಯಾರವೂ ಸ್ಪರ್ಧಿ. ಅತಿ ವೇಗವಾಗಿ ಮುಗಿಸಿದವನ ಸಮಯವೇ ಅಳತೆ, ಅದಕ್ಕಿಂತ ತಡವಾದ ಪ್ರತಿ ನಿಮಿಷಕ್ಕೆ ಒಂದು ಅಂಕ ಏರುತ್ತದೆ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಮ್‌ನ ಸ್ಕಾಟಿಷ್ ಸಿಕ್ಸ್ ಡೇಸ್ ಎಂಬ ಆರು ದಿನಗಳ ಟ್ರಯಲ್ ಇನ್ನೂ ಹಳೆಯದು, 1909ರದ್ದು, ನಡೆಯುವುದು ಮೇ ತಿಂಗಳಲ್ಲಿ.

ಈಗ ಬೈಕ್. ಹೆಸರಾಂತ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ 500 ಸಿಸಿಯ ಭಾರದ ಏರಿಯಲ್ ಬೈಕ್ ಬಿಟ್ಟು ಸ್ಪೇನಿನ ಬುಲ್ಟಾಕೊ ಹಿಡಿದು 1965ರ ಸಿಕ್ಸ್ ಡೇಸ್ ಗೆದ್ದ ಮೇಲೆ ಹಗುರ ಟು-ಸ್ಟ್ರೋಕ್‌ಗಳದ್ದೇ ಕಾಲ. ಇಂದಿಗೂ ಗ್ಯಾಸ್‌ಗ್ಯಾಸ್, ಬೇಟಾ, ಶೆರ್ಕೊ, ಟಿಆರ್‌ಎಸ್, ವರ್ಟಿಗೊ ಎಲ್ಲ ಬಹುಪಾಲು ಟು-ಸ್ಟ್ರೋಕ್. ಮೊಂಟೆಸಾ ಕೋಟಾ 4ಆರ್‌ಟಿ ಫೋರ್-ಸ್ಟ್ರೋಕ್. ತೂಕ 70 ಕೆಜಿಯ ಆಸುಪಾಸು, ಸೀಟು ಇಲ್ಲವೆನ್ನುವಷ್ಟು ತಗ್ಗು, ಟ್ಯಾಂಕಿಗೆ ಎರಡೂವರೆ ಲೀಟರ್‌ನಷ್ಟು ಪೆಟ್ರೋಲ್. ಮುಂದೆ 21 ಇಂಚು, ಹಿಂದೆ 18 ಇಂಚಿನ ಟ್ಯೂಬ್‌ಲೆಸ್. ಗಾಳಿ ಹಿಂದೆ 4 ರಿಂದ 5 ಪಿಎಸ್‌ಐ, ಮುಂದೆ 6ರ ಹತ್ತಿರ. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಅಷ್ಟು ಕಡಿಮೆ ಓದಲು ಬರುವುದಿಲ್ಲ, 15 ಪಿಎಸ್‌ಐವರೆಗಿನ ಸಣ್ಣ ಗೇಜ್ ಬೇರೆಯೇ ಬೇಕು. ಮೋಟೋಕ್ರಾಸ್‌ನ ಉಬ್ಬು ಟೈರ್‌ಗೆ ಟ್ರಯಲ್‌ನಲ್ಲಿ ಪ್ರವೇಶವಿಲ್ಲ. ಮಣಿಕಟ್ಟಿಗೆ ಕಟ್ಟುವ ಲ್ಯಾನ್ಯಾರ್ಡ್ ಕಿಲ್ ಸ್ವಿಚ್ ಇರಲೇಬೇಕು. ಕೈಯಿಂದ ಜಾರಿದ ಬೈಕ್ ಫುಲ್ ಥ್ರಾಟಲ್‌ನಲ್ಲಿ ಅಬ್ಸರ್ವರ್ ಕಡೆಗೇ ಬರಬಹುದು, ಆದ್ದರಿಂದ ಅದನ್ನು ಎಳೆದರೆ ಇಂಜಿನ್ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ ನೋಡುವುದು ನಿಮಗೂ ಒಳ್ಳೆಯದು.

ಹಳೇದು ಕೊಳ್ಳುವಾಗ ಮೈಬಣ್ಣ ನೋಡಬೇಡಿ, ಎಲ್ಲವೂ ಗೀಚಿಕೊಂಡೇ ಇರುತ್ತವೆ. ಹಿಂದಿನ ಮಡ್‌ಗಾರ್ಡ್ ಹಿಡಿದು ಮೇಲಕ್ಕೆತ್ತಿ. ಚಕ್ರ ನೆಲ ಬಿಡುವ ಮೊದಲು ಟಕ್ ಎಂದು ಪ್ಲೇ ಸಿಕ್ಕಿದರೆ ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜ್ ಅಥವಾ ಸ್ವಿಂಗ್‌ಆರ್ಮ್ ಬೇರಿಂಗ್ ಹೋಗಿವೆ. ಪ್ರೆಷರ್ ವಾಷರ್ ನೀರು ಅವನ್ನು ಬೇಗ ಕೊಲ್ಲುತ್ತದೆ. ಗೇರ್‌ಬಾಕ್ಸ್ ಎಣ್ಣೆ ಹಾಲು ಬೆರೆಸಿದಂತಿದ್ದರೆ ವಾಟರ್ ಪಂಪ್ ಸೀಲ್ ಸೋರುತ್ತಿದೆ. ಐದು ನಿಮಿಷ ನಿಂತಲ್ಲೇ ಓಡಿಸಿ ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾಗುತ್ತದೆಯೇ ನೋಡಿ. ನಡಿಗೆಯ ವೇಗದಲ್ಲಿ ಬೇರೆ ಗಾಳಿಯಿಲ್ಲ, ಫ್ಯಾನ್ ಸತ್ತರೆ ಇಂಜಿನ್ ಕುದಿಯುತ್ತದೆ. ತಣ್ಣಗಿದ್ದಾಗ ಕ್ಲಚ್ ಹಿಡಿದು ಮೊದಲ ಗೇರ್ ಹಾಕಿದರೆ ಬೈಕ್ ಮುಂದಕ್ಕೆ ಹಾರುವುದು ಬೇಟಾಗಳ ಹಳೇ ಚಾಳಿ: ಪ್ಲೇಟ್‌ಗಳು ಅಂಟಿಕೊಂಡಿರುತ್ತವೆ. ಸ್ಟಾರ್ಟ್ ಮಾಡುವ ಮೊದಲು ಗೇರಿನಲ್ಲೇ ಕ್ಲಚ್ ಹಿಡಿದು ಹಿಂದೆ ಮುಂದೆ ಅಲುಗಿಸಿದರೆ ಬಿಡುತ್ತವೆ. ಅದಕ್ಕೆ ಹೆದರಿ ಒಳ್ಳೆಯ ಬೈಕ್ ಬಿಡಬೇಡಿ. ಹೈಡ್ರಾಲಿಕ್ ಕ್ಲಚ್‌ಗೆ ದ್ರವ ಹಾಕುವಾಗ ಮುಚ್ಚಳ ಓದಿ, ಕೆಲವಕ್ಕೆ ಡಾಟ್ 4, ಕೆಲವಕ್ಕೆ ಮಿನರಲ್ ಆಯಿಲ್. ಅದಲುಬದಲಾದರೆ ಸೀಲ್‌ಗಳು ಊದಿ ಲಿವರ್ ಮರಳುವುದೇ ಇಲ್ಲ.

ಎಕ್ಸ್‌ಪಲ್ಸ್ ತೂಕ 150 ಕೆಜಿ ದಾಟುತ್ತದೆ, ಟ್ರಯಲ್ಸ್ ಬೈಕ್‌ನ ಎರಡರಷ್ಟು. ಬಂಡೆ ಹತ್ತಲು ಅದು ಬೇಡ, ಸಮತೋಲ ಕಲಿಯಲು ಸಾಕು. ರಜೆಗೆ ಬಂದಾಗ ಖಾಲಿ ಮೈದಾನದಲ್ಲಿ ಫುಟ್‌ಪೆಗ್ ಮೇಲೆ ನಿಂತು, ಮೊದಲ ಗೇರಿನಲ್ಲಿ, ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಸ್ವಲ್ಪ ಒತ್ತಿಕೊಂಡೇ, ಹ್ಯಾಂಡಲ್ ಪೂರ್ತಿ ತಿರುಗಿಸಿ ಎಂಟರ ಆಕಾರದಲ್ಲಿ ಸುತ್ತಿ. ತಿರುವಿನಲ್ಲಿ ಬೈಕ್ ಒಳಕ್ಕೆ ಬಾಗಲಿ, ನಿಮ್ಮ ಸೊಂಟ ಹೊರಕ್ಕೆ ಇರಲಿ. ಅದು ಸಲೀಸಾದ ಮೇಲೆ ಗೇಣು ದಪ್ಪದ ಮರದ ದಿಮ್ಮಿ ದಾಟಿ. ಕ್ಲಚ್ ಸುಟ್ಟ ವಾಸನೆ ಬಂದರೆ ಹತ್ತು ನಿಮಿಷ ನಿಲ್ಲಿಸಿ. ರಾಮನಗರದ ಬೆಟ್ಟಗಳ ಆಸೆ ಬೇಡ, ರಾಮದೇವರ ಬೆಟ್ಟ ರಣಹದ್ದುಗಳ ಅಭಯಾರಣ್ಯ, ಅರಣ್ಯ ಇಲಾಖೆ ಬಿಡುವುದಿಲ್ಲ. ಟೈರ್ ಗಾಳಿಯನ್ನು ಟ್ರಯಲ್ಸ್ ಲೆಕ್ಕದಲ್ಲಿ 5ಕ್ಕೆ ಇಳಿಸಲೂ ಬೇಡಿ. ಅದರ ಚಕ್ರದೊಳಗೆ ಟ್ಯೂಬ್ ಇದೆ, 15ರ ಕೆಳಗೆ ಹೋದರೆ ಟೈರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತು ಬರುತ್ತದೆ.